ಪುಟಸಂಖ್ಯೆ ಇದೆ, ಕಾರಣ ಇಲ್ಲ

ಮೀಟರ್ ಬ್ರಿಡ್ಜ್ ನಿಮಗೆಲ್ಲ ಪರಿಚಿತವಾದ ಉಪಕರಣ. ಮರದ ಹಲಗೆಯ ಮೇಲೆ ಬಿಗಿದ ಒಂದು ಮೀಟರ್ ಉದ್ದದ ತಂತಿ, ಪಕ್ಕದಲ್ಲಿ ಅಳತೆಪಟ್ಟಿ, ಲೋಹದ ಪಟ್ಟಿಗಳ ನಡುವೆ ಎರಡು ಖಾಲಿ ಜಾಗ. ಒಂದು ಕಡೆ ಬೆಲೆ ಗೊತ್ತಿರುವ ರೋಧ, ಇನ್ನೊಂದು ಕಡೆ ಗೊತ್ತಿಲ್ಲದ ರೋಧ. ಜಾಕಿಯನ್ನು ತಂತಿಯ ಮೇಲೆ ಅಲ್ಲಲ್ಲಿ ಮುಟ್ಟಿಸುತ್ತ ಹೋದರೆ ಒಂದು ಬಿಂದುವಿನಲ್ಲಿ ಗ್ಯಾಲ್ವನೋಮೀಟರಿನ ಮುಳ್ಳು ಸೊನ್ನೆಗೆ ಬಂದು ನಿಲ್ಲುತ್ತದೆ. ಆ ಬಿಂದುವಿನ ಎರಡೂ ಕಡೆಯ ತಂತಿಯ ಉದ್ದಗಳ ಅನುಪಾತವೇ ರೋಧಗಳ ಅನುಪಾತ. ಇಷ್ಟು ಅಗ್ಗದ, ಇಷ್ಟು ಸರಳವಾದ, ಆದರೂ ಇಷ್ಟು ಕಲಿಸುವ ಉಪಕರಣ ನಮ್ಮ ಪ್ರಯೋಗಾಲಯಗಳಲ್ಲಿ ಹೆಚ್ಚಿಲ್ಲ.

ಉಪನ್ಯಾಸಕರ ಕಾರ್ಯಾಗಾರವೊಂದರಲ್ಲಿ ಚಹಾ ವಿರಾಮದ ಹೊತ್ತಿಗೆ ಯುವ ಉಪನ್ಯಾಸಕಿಯೊಬ್ಬರು ನನ್ನ ಬಳಿ ಬಂದು, “ಸರ್, ಮೀಟರ್ ಬ್ರಿಡ್ಜ್ ಇದೆಯೋ, ಹೋಯಿತೋ?” ಎಂದು ಕೇಳಿದರು. ಪ್ರಶ್ನೆ ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಉಪಕರಣ ಕಳೆದುಹೋಗಿದೆಯೇನೋ ಎಂದುಕೊಂಡೆ. ಅವರು ಕೇಳಿದ್ದು ಪಠ್ಯಕ್ರಮದ ಮಾತು. “ಪುಸ್ತಕದಲ್ಲಿ ಇಲ್ಲ, ಲ್ಯಾಬಿನಲ್ಲಿ ಇದೆ, ಮಕ್ಕಳು ನೀಟ್‌ಗೆ ಬೇಕು ಅಂತಾರೆ. ನಾನು ಏನು ಮಾಡಲಿ?”

ಅವರ ಪ್ರಶ್ನೆಗೆ 2023-24ನೇ ಸಾಲಿನ ಮಟ್ಟಿಗೆ ಸರಿಯಾದ ಉತ್ತರ ಒಂದಲ್ಲ, ಮೂರು. ಎನ್‌ಸಿಇಆರ್‌ಟಿಯ 12ನೇ ತರಗತಿ ಭೌತಶಾಸ್ತ್ರ ಪುಸ್ತಕದಿಂದ ಮೀಟರ್ ಬ್ರಿಡ್ಜ್ ತೆಗೆಯಲ್ಪಟ್ಟಿತ್ತು. ಸಿಬಿಎಸ್‌ಇಯ ಅದೇ ವರ್ಷದ ಪ್ರಯೋಗಗಳ ಪಟ್ಟಿಯಲ್ಲಿ ಅದು ಉಳಿದಿತ್ತು. ನೀಟ್ ಮತ್ತು ಜೆಇಇ ಪರೀಕ್ಷೆಗಳ ಪಠ್ಯಕ್ರಮದಲ್ಲೂ ಅದರ ಹೆಸರು ಇತ್ತು. ಮೂರೂ ಸರಿಯಾದ ಉತ್ತರಗಳೇ. ಮೂರನ್ನೂ ಒಟ್ಟಿಗೆ ಇಟ್ಟು ಆ ಉಪನ್ಯಾಸಕಿಗೆ ತಿಳಿಸಿದವರು ಮಾತ್ರ ಯಾರೂ ಇರಲಿಲ್ಲ.

ಪಠ್ಯಕ್ರಮ ಬದಲಾಗಬಾರದು ಎಂದು ವಾದಿಸುವುದು ನನ್ನ ಉದ್ದೇಶವಲ್ಲ. ಬದಲಾಗಲೇಬೇಕು. ನಾನು ವಿಮರ್ಶಿಸಬೇಕೆಂದಿರುವುದು ಬದಲಾವಣೆಯನ್ನು ಶಿಕ್ಷಕರಿಗೆ ತಿಳಿಸುವ ಬಗೆಯನ್ನು. ಅದಕ್ಕೆ ಒಂದು ದಾಖಲೆಯನ್ನೇ ಆರಿಸಿಕೊಂಡಿದ್ದೇನೆ. ಅದು ಎನ್‌ಸಿಇಆರ್‌ಟಿ 2022ರಲ್ಲಿ ಪ್ರಕಟಿಸಿದ, 6ರಿಂದ 12ನೇ ತರಗತಿವರೆಗಿನ ಪುಸ್ತಕಗಳಿಂದ ಕೈಬಿಟ್ಟ ಭಾಗಗಳ ಪಟ್ಟಿ.

ಪಟ್ಟಿ ಏನು ಹೇಳುತ್ತದೆ

ಪಟ್ಟಿಯ ಹಿನ್ನೆಲೆ ನಿಮಗೆ ಗೊತ್ತು. ಕೋವಿಡ್ ಕಾಲದಲ್ಲಿ ಶಾಲೆಗಳು ಮುಚ್ಚಿದ್ದವು, ಕಲಿಕೆ ಹಿಂದೆ ಬಿದ್ದಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಪಠ್ಯದ ಹೊರೆಯನ್ನು ಇಳಿಸಬೇಕೆಂದಿತ್ತು. ಈ ಎರಡು ಕಾರಣಗಳನ್ನು ಮುಂದಿಟ್ಟು ಎನ್‌ಸಿಇಆರ್‌ಟಿ ಎಲ್ಲ ವಿಷಯಗಳಲ್ಲೂ ಕತ್ತರಿ ಆಡಿಸಿತು. 2023-24ನೇ ಸಾಲಿಗೆ ಅಚ್ಚಾದ ಪುಸ್ತಕಗಳು ಆ ಕತ್ತರಿಯ ನಂತರದವು.

ಯಾವ ಅಳತೆಗೋಲಿನಿಂದ ಕತ್ತರಿಸಿದೆವು ಎಂಬುದನ್ನು ಮಂಡಳಿ ಐದು ಅಂಶಗಳಲ್ಲಿ ಹೇಳಿತು. ಅದೇ ತರಗತಿಯ ಬೇರೆ ವಿಷಯದಲ್ಲಿ ಅದೇ ಅಂಶ ಬಂದಿದ್ದರೆ, ಕೆಳಗಿನ ಅಥವಾ ಮೇಲಿನ ತರಗತಿಯಲ್ಲಿ ಅಂಥದ್ದೇ ಇದ್ದರೆ, ಕಠಿಣವಾಗಿದ್ದರೆ, ಶಿಕ್ಷಕರ ಹೆಚ್ಚಿನ ನೆರವಿಲ್ಲದೆ ಮಕ್ಕಳೇ ಕಲಿಯಬಹುದಾಗಿದ್ದರೆ, ಇಂದಿನ ಸಂದರ್ಭಕ್ಕೆ ಅಪ್ರಸ್ತುತವಾಗಿದ್ದರೆ. ಓದಿದರೆ ಯಾರೂ ತಕರಾರು ತೆಗೆಯುವಂಥವಲ್ಲ. ತಕರಾರು ಇರುವುದು ಅದರ ನಂತರದ ಪುಟಗಳಲ್ಲಿ. ಅಲ್ಲಿ ಕೋಷ್ಟಕಗಳಿವೆ. ಅಧ್ಯಾಯದ ಹೆಸರು, ಪುಟಸಂಖ್ಯೆ, ಕೈಬಿಟ್ಟ ಭಾಗ. ಯಾವ ಭಾಗವನ್ನು ಐದರಲ್ಲಿ ಯಾವ ಕಾರಣಕ್ಕೆ ಬಿಟ್ಟರು ಎಂಬ ನಾಲ್ಕನೆಯ ಕಂಬಸಾಲು ಇಲ್ಲ.

ಒಂದು ಸಾಲಿನ ಕೊರತೆಯನ್ನು ಇಷ್ಟು ದೊಡ್ಡದು ಮಾಡಬೇಕೇ ಎಂದು ನೀವು ಕೇಳಬಹುದು. ಪ್ರಯೋಗದ ದಾಖಲೆ ಪುಸ್ತಕದಲ್ಲಿ ವಿದ್ಯಾರ್ಥಿ ಉತ್ತರವನ್ನಷ್ಟೇ ಬರೆದು ಅಳತೆಗಳನ್ನೂ ಲೆಕ್ಕವನ್ನೂ ಬಿಟ್ಟರೆ ನೀವು ಅಂಕ ಕೊಡುತ್ತೀರಾ? ಉತ್ತರ ಸರಿಯೇ ಇರಬಹುದು. ಆದರೆ ಅದನ್ನು ಪರೀಕ್ಷಿಸುವ ದಾರಿ ನಿಮಗಿಲ್ಲ.

10ನೇ ತರಗತಿಯ ವಿಜ್ಞಾನವನ್ನು ನೋಡೋಣ. ಮೂಲವಸ್ತುಗಳ ಆವರ್ತನೀಯ ವರ್ಗೀಕರಣ ಇಡೀ ಅಧ್ಯಾಯವಾಗಿ ಹೋಯಿತು. ಶಕ್ತಿಯ ಆಕರಗಳ ಅಧ್ಯಾಯ ಹೋಯಿತು. ಅನುವಂಶೀಯತೆ ಮತ್ತು ಜೀವವಿಕಾಸ ಎಂಬ ಅಧ್ಯಾಯದಲ್ಲಿ ಜೀವವಿಕಾಸದ ಭಾಗ ಹೋಗಿ ಅನುವಂಶೀಯತೆ ಮಾತ್ರ ಉಳಿಯಿತು. 2023ರ ಏಪ್ರಿಲ್‌ನಲ್ಲಿ 1,800ಕ್ಕೂ ಹೆಚ್ಚು ವಿಜ್ಞಾನಿಗಳು, ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದ್ದು ಡಾರ್ವಿನ್ನನ ವಿಷಯಕ್ಕೆ. ಆ ಚರ್ಚೆ ಪತ್ರಿಕೆಗಳಲ್ಲಿ ಸಾಕಷ್ಟು ನಡೆಯಿತು. ಆವರ್ತ ಕೋಷ್ಟಕದ ಬಗ್ಗೆ ಹೊರದೇಶಗಳಲ್ಲೂ ಮಾತು ಬಂತು. ನಾನು ಭೌತಶಾಸ್ತ್ರದವನಾದ್ದರಿಂದ, ಹೆಚ್ಚು ಗದ್ದಲವಿಲ್ಲದೆ ಹೊರಬಿದ್ದ ಇನ್ನೊಂದು ಭಾಗದ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಫ್ಯಾರಡೆ ಹೊರಗೆ, ಪರ್ಯಾಯ ವಿದ್ಯುತ್ ಒಳಗೆ

ವಿದ್ಯುತ್ ಪ್ರವಾಹದ ಕಾಂತೀಯ ಪರಿಣಾಮಗಳು ಎಂಬ ಅಧ್ಯಾಯ 10ನೇ ತರಗತಿಯಲ್ಲಿ ಒಂದು ಚೆಂದದ ಸರಣಿಯಾಗಿತ್ತು. ತಂತಿಯಲ್ಲಿ ವಿದ್ಯುತ್ ಹರಿದರೆ ಸುತ್ತ ಕಾಂತಕ್ಷೇತ್ರ ಹುಟ್ಟುತ್ತದೆ. ಕಾಂತಕ್ಷೇತ್ರದಲ್ಲಿಟ್ಟ ತಂತಿಯಲ್ಲಿ ವಿದ್ಯುತ್ ಹರಿದರೆ ಅದರ ಮೇಲೆ ಬಲ ಉಂಟಾಗುತ್ತದೆ. ಆ ಬಲವನ್ನು ತಿರುಗುವ ಚಲನೆಯಾಗಿಸಿದರೆ ಮೋಟಾರು. ಇದನ್ನೇ ತಿರುವುಮುರುವು ಮಾಡಿ, ತಂತಿಯ ಸುರುಳಿಯನ್ನು ಕಾಂತಕ್ಷೇತ್ರದಲ್ಲಿ ತಿರುಗಿಸಿದರೆ ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. ಇದು ವಿದ್ಯುತ್ಕಾಂತೀಯ ಪ್ರೇರಣೆ, ಇದರಿಂದ ಜನರೇಟರು. ಕೊನೆಗೆ ಆ ವಿದ್ಯುತ್ತು ನಮ್ಮ ಮನೆಗೆ ಬರುವ ವೈರಿಂಗ್.

ಈ ಸರಣಿಯಲ್ಲಿ ಮೋಟಾರು, ಪ್ರೇರಣೆ, ಜನರೇಟರು ಮೂರೂ ಹೋದವು. ಜೊತೆಗೆ ಫ್ಯಾರಡೆಯ ಬಗ್ಗೆ ಇದ್ದ ಪುಟ್ಟ ಚೌಕವೂ ಹೋಯಿತು. ಉಳಿದ ಪುಸ್ತಕದಲ್ಲಿ ತಂತಿಯ ಮೇಲಿನ ಬಲದಿಂದ ನೇರವಾಗಿ ಮನೆಯ ಫ್ಯೂಸಿಗೆ ಹಾರಬೇಕು.

ಇನ್ನು ಸಿಬಿಎಸ್‌ಇ 2023-24ಕ್ಕೆ ಹೊರಡಿಸಿದ 10ನೇ ತರಗತಿಯ ಪಠ್ಯಕ್ರಮವನ್ನು ತೆರೆದು ನೋಡಿ. ಅಲ್ಲಿ ನೇರ ವಿದ್ಯುತ್, ಪರ್ಯಾಯ ವಿದ್ಯುತ್, ಅದರ ಆವೃತ್ತಿ, ನೇರ ವಿದ್ಯುತ್ತಿಗಿಂತ ಪರ್ಯಾಯ ವಿದ್ಯುತ್ತಿನ ಅನುಕೂಲ ಇವೆಲ್ಲ ಹಾಗೆಯೇ ಇವೆ. ಹಳೆಯ ಪುಸ್ತಕದಲ್ಲಿ ಇವುಗಳನ್ನು ವಿವರಿಸಿದ್ದದ್ದು ಎಲ್ಲಿ? ಜನರೇಟರಿನ ಭಾಗದಲ್ಲಿ. ಸುರುಳಿ ಅರ್ಧ ಸುತ್ತು ತಿರುಗಿದಾಗ ಪ್ರವಾಹದ ದಿಕ್ಕು ಬದಲಾಗುತ್ತದೆ, ಆದ್ದರಿಂದಲೇ ಅದು ಪರ್ಯಾಯ; ನಮ್ಮ ದೇಶದಲ್ಲಿ ಪ್ರತಿ 1/100 ಸೆಕೆಂಡಿಗೆ ದಿಕ್ಕು ಬದಲಾಗುವುದರಿಂದ ಆವೃತ್ತಿ 50 ಹರ್ಟ್ಸ್. ಸುರುಳಿಯನ್ನೇ ತೆಗೆದ ಮೇಲೆ 50 ಎಂಬ ಸಂಖ್ಯೆಯನ್ನು ಮಗು ಬಾಯಿಪಾಠ ಮಾಡಬೇಕು, ಬೇರೆ ದಾರಿಯಿಲ್ಲ.

ಪರ್ಯಾಯ ವಿದ್ಯುತ್ತಿನ ಅನುಕೂಲದ ಕಥೆ ಇನ್ನೂ ಕಷ್ಟದ್ದು. ಅದನ್ನು ದೂರಕ್ಕೆ ಸಾಗಿಸುವುದು ಸುಲಭ, ನಷ್ಟ ಕಡಿಮೆ ಎನ್ನುತ್ತೇವೆ. ಏಕೆ? ಪರಿವರ್ತಕದ ನೆರವಿನಿಂದ ವಿಭವಾಂತರವನ್ನು ಏರಿಸಬಹುದು. ಅಷ್ಟೇ ಸಾಮರ್ಥ್ಯಕ್ಕೆ ಪ್ರವಾಹ ಇಳಿಯುತ್ತದೆ. ತಂತಿಯ ಬಿಸಿಯಲ್ಲಿ ಆಗುವ ನಷ್ಟ ಪ್ರವಾಹದ ವರ್ಗಕ್ಕೆ ಅನುಪಾತದಲ್ಲಿರುವುದರಿಂದ, ವಿಭವಾಂತರವನ್ನು ಹತ್ತರಷ್ಟು ಏರಿಸಿದರೆ ನಷ್ಟ ನೂರನೇ ಒಂದು ಭಾಗಕ್ಕೆ ಇಳಿಯುತ್ತದೆ. ಪರಿವರ್ತಕ ಕೆಲಸ ಮಾಡುವುದು ಯಾವುದರಿಂದ? ಪ್ರೇರಣೆಯಿಂದಲೇ. ತತ್ತ್ವವನ್ನು ಬಿಟ್ಟು ಅದರ ಫಲವನ್ನು ಪಾಠ ಮಾಡಿರಿ ಎಂದು ಶಿಕ್ಷಕರಿಗೆ ಹೇಳಿದಂತಾಯಿತು.

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಸುಮಾರು 147 ಕಿಲೋಮೀಟರ್ ದೂರ ಹರಿದುಹೋದದ್ದು ಇದೇ ತತ್ತ್ವದ ಬಲದಿಂದ. ಸಿಬಿಎಸ್‌ಇ ಶಾಲೆಯಲ್ಲಿ ಓದುವ ಮಳವಳ್ಳಿಯ ಹುಡುಗಿಯೊಬ್ಬಳು ಶಾಲೆಯ ಪ್ರವಾಸದಲ್ಲಿ ಆ ವಿದ್ಯುದಾಗಾರವನ್ನು ನೋಡಿ ಬಂದು, ಅದು ಹೇಗೆ ಕೆಲಸ ಮಾಡುತ್ತದೆ ಎಂದು ತನ್ನ ಪುಸ್ತಕದಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮಂಡಳಿಯ ಅಳತೆಗೋಲಿನಲ್ಲಿ ಇದಕ್ಕೆ ಸಮರ್ಥನೆ ಹುಡುಕಿದರೆ ಎರಡನೆಯದು ಹೊಂದುತ್ತದೆ: ಪ್ರೇರಣೆ 12ನೇ ತರಗತಿಯಲ್ಲಿ ಬರುತ್ತದೆ. ಆವರ್ತ ಕೋಷ್ಟಕವೂ 11ನೇ ತರಗತಿಯಲ್ಲಿ ಬರುತ್ತದೆ. ಆದರೆ 10ನೇ ತರಗತಿಯೇ ಎಲ್ಲ ಮಕ್ಕಳೂ ವಿಜ್ಞಾನ ಓದುವ ಕೊನೆಯ ತರಗತಿ. ವಾಣಿಜ್ಯ, ಕಲಾ ವಿಭಾಗಕ್ಕೆ ಹೋಗುವವರಿಗೂ ಓದು ನಿಲ್ಲಿಸುವವರಿಗೂ ಮೇಲಿನ ತರಗತಿಯ ಭೌತಶಾಸ್ತ್ರ ಎಂಬುದು ಇಲ್ಲವೇ ಇಲ್ಲ. ಇದು ಮಂಡಳಿಯ ತಜ್ಞರಿಗೆ ಹೊಳೆಯದ ವಿಷಯವಲ್ಲ. ಹೊಳೆದೂ ಬಿಟ್ಟಿದ್ದರೆ ಅದಕ್ಕೆ ಏನೋ ಕಾರಣ ಇದ್ದೀತು. ಆ ಕಾರಣವನ್ನು ಶಿಕ್ಷಕರಿಗೆ ಹೇಳಬೇಕಿತ್ತು.

ಎಲ್ಲ ಕಡಿತವೂ ತಪ್ಪು ಎಂದು ನಾನು ಹೇಳುತ್ತಿಲ್ಲ. 12ನೇ ತರಗತಿಯ ಸಂವಹನ ವ್ಯವಸ್ಥೆಗಳ ಅಧ್ಯಾಯ ಹೋದದ್ದಕ್ಕೆ ನನಗೆ ದುಃಖವಿಲ್ಲ. ಮೊಬೈಲ್ ಹಿಡಿದ ಮಕ್ಕಳಿಗೆ ಪಾರ ಮಾಡ್ಯುಲೇಷನ್ನಿನ ಆ ಪಾಠ ಎಂದೋ ಹಳತಾಗಿತ್ತು. ಕಾರ್ಬನ್ ರೋಧಕಗಳ ಬಣ್ಣದ ಪಟ್ಟಿಗಳ ಸಂಕೇತವನ್ನು ಬಾಯಿಪಾಠ ಮಾಡಿಸುವುದೂ ಬೇಕಿರಲಿಲ್ಲ. 11ರಲ್ಲಿ ಡಾಪ್ಲರ್ ಪರಿಣಾಮ, 9ರಲ್ಲಿ ಸಂವೇಗ ಸಂರಕ್ಷಣೆ ಹೋದದ್ದು ಮಾತ್ರ ಹೊಟ್ಟೆ ಉರಿಸುವಂಥದ್ದು. ನ್ಯೂಟನ್ನನ ಮೂರನೆಯ ನಿಯಮವನ್ನು ಕಲಿಸಿ ಸಂವೇಗ ಸಂರಕ್ಷಣೆಯನ್ನು ಬಿಡುವುದೆಂದರೆ ಹಿಟ್ಟು ಕಲಸಿ ರೊಟ್ಟಿ ತಟ್ಟದೆ ಎದ್ದಂತೆ. ನನ್ನ ಈ ಅಭಿಪ್ರಾಯ ತಪ್ಪಿರಬಹುದು, ನಿಮ್ಮದು ಬೇರೆ ಇರಬಹುದು. ಕಾರಣಗಳು ಮುಂದಿದ್ದಿದ್ದರೆ ನಾವು ವಾದ ಮಾಡಬಹುದಿತ್ತು. ಈಗ ಇರುವುದು ಪುಟಸಂಖ್ಯೆ. ಪುಟಸಂಖ್ಯೆಯ ಜೊತೆ ವಾದ ಮಾಡುವುದು ಹೇಗೆ?

ಐವತ್ತು ಪ್ರಶ್ನೆಗಳು

ಮಾಹಿತಿ ಸರಿಯಾಗಿ ತಲುಪದಿದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಒಂದು ದೊಡ್ಡ ಉದಾಹರಣೆ ಸಿಕ್ಕಿತು. ನಮ್ಮ ಪದವಿಪೂರ್ವ ವಿಜ್ಞಾನ ವಿಭಾಗದ ಪುಸ್ತಕಗಳು ಎನ್‌ಸಿಇಆರ್‌ಟಿಯವೇ ಆದ್ದರಿಂದ ಅಲ್ಲಿಯ ಕಡಿತ 2023-24ರಲ್ಲಿ ಇಲ್ಲಿಗೂ ಬಂತು. 2024ರ ಏಪ್ರಿಲ್ 18 ಮತ್ತು 19ರಂದು ಸಿಇಟಿ ನಡೆಯಿತು. 3 ಲಕ್ಷಕ್ಕೂ ಮೀರಿ ವಿದ್ಯಾರ್ಥಿಗಳು ನೋಂದಾಯಿಸಿಕೊಂಡಿದ್ದ ಪರೀಕ್ಷೆ. ಮೊದಲ ದಿನವೇ ಪಠ್ಯಕ್ರಮದಲ್ಲಿ ಇಲ್ಲದ ಪ್ರಶ್ನೆಗಳು ಬಂದಿವೆ ಎಂಬ ದೂರು ಎದ್ದಿತು. ತಜ್ಞರ ಸಮಿತಿ ಪರಿಶೀಲಿಸಿದ ಮೇಲೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರ 50 ಪ್ರಶ್ನೆಗಳನ್ನು ಮೌಲ್ಯಮಾಪನದಿಂದ ಕೈಬಿಟ್ಟಿತು. ಭೌತಶಾಸ್ತ್ರ 9, ರಸಾಯನಶಾಸ್ತ್ರ 15, ಗಣಿತ 15, ಜೀವಶಾಸ್ತ್ರ 11.

ನಾಲ್ಕು ವಿಷಯಗಳಿಗೆ ತಲಾ 60ರಂತೆ ಒಟ್ಟು 240 ಪ್ರಶ್ನೆಗಳು. ಐದರಲ್ಲಿ ಒಂದಕ್ಕಿಂತ ಹೆಚ್ಚು ಪ್ರಶ್ನೆ ಕೆಟ್ಟಿತು. ಎಂಜಿನಿಯರಿಂಗ್ ಬಯಸುವವರ ಮೂರು ವಿಷಯಗಳನ್ನಷ್ಟೇ ಲೆಕ್ಕ ಹಿಡಿದರೆ 180ರಲ್ಲಿ 39.

ಪ್ರಶ್ನೆಗಳನ್ನು ಬಿಟ್ಟ ಮೇಲೆ ಎಲ್ಲರಿಗೂ ಸಮಾನ ನ್ಯಾಯ ಸಿಕ್ಕಿತಲ್ಲ ಎನ್ನಬಹುದು. ಸ್ವಲ್ಪ ಲೆಕ್ಕ ಹಾಕಿ. ಪ್ರತಿ ಪತ್ರಿಕೆಗೆ 80 ನಿಮಿಷ, 60 ಪ್ರಶ್ನೆ. ಸರಾಸರಿ ಒಂದು ಪ್ರಶ್ನೆಗೆ 80 ಸೆಕೆಂಡು. ಗಣಿತದ 15 ಪ್ರಶ್ನೆಗಳಿಗೆ ಸಲ್ಲುವ ಸಮಯ 20 ನಿಮಿಷ. ಪರಿಚಯವಿಲ್ಲದ ಪ್ರಶ್ನೆ ಎಂದು ಕೂಡಲೇ ಬಿಟ್ಟು ಮುಂದೆ ಹೋದವನಿಗೆ ಆ 20 ನಿಮಿಷ ಉಳಿದ 45 ಪ್ರಶ್ನೆಗಳಿಗೆ ಸಿಕ್ಕಿತು. ‘ಇದು ನನಗೆ ಬರಬೇಕಾಗಿತ್ತಲ್ಲ, ಯಾವಾಗ ತಪ್ಪಿಸಿಕೊಂಡೆ’ ಎಂದು ಗಾಬರಿಯಿಂದ ಹೋರಾಡಿದವಳು ಆ ಸಮಯವನ್ನು ಕಳೆದುಕೊಂಡಳು. ಪ್ರಶ್ನೆಯನ್ನು ಅಳಿಸಬಹುದು, ಅದು ತಿಂದ ಸಮಯವನ್ನು ವಾಪಸು ಕೊಡಲಾಗದು. ಹೋರಾಡುವವರು ಸಾಮಾನ್ಯವಾಗಿ ಶ್ರದ್ಧೆಯಿಂದ ಓದಿದವರೇ ಎಂಬುದು ನಿಮ್ಮ ಅನುಭವಕ್ಕೂ ಬಂದಿರುತ್ತದೆ.

ಯಾರು ಯಾರಿಗೆ ತಿಳಿಸಬೇಕಿತ್ತು ಎಂಬ ವಿಚಾರಣೆಗೆ ನಾನು ಹೋಗುವುದಿಲ್ಲ. ಕಡಿತದ ಪಟ್ಟಿ ಸಾರ್ವಜನಿಕವಾಗಿತ್ತು, ಬಚ್ಚಿಟ್ಟದ್ದಲ್ಲ. ಆದರೂ 50 ಪ್ರಶ್ನೆಗಳು ಹಳೆಯ ಪಾಠಗಳಿಂದ ಬಂದವು. ಮಾಹಿತಿ ಇರುವುದು ಬೇರೆ, ತಲುಪುವುದು ಬೇರೆ ಎಂದಾಯಿತು.

ಅದೇ ವರ್ಷದ ಕಾಲಕ್ರಮವನ್ನು ಒಮ್ಮೆ ಮೇಜಿನ ಮೇಲೆ ಹರಡಿ ನೋಡಿ. ಪುಸ್ತಕ ಬದಲಾದದ್ದು ಶೈಕ್ಷಣಿಕ ವರ್ಷದ ಆರಂಭಕ್ಕೆ. ನೀಟ್ 2024ರ ಪರಿಷ್ಕೃತ ಪಠ್ಯಕ್ರಮ ಹೊರಬಂದದ್ದು 2023ರ ಅಕ್ಟೋಬರಿನಲ್ಲಿ. ಜೆಇಇಯದು ನವೆಂಬರಿನಲ್ಲಿ. ಅಷ್ಟು ಹೊತ್ತಿಗೆ ಎಷ್ಟೋ ಕಾಲೇಜುಗಳಲ್ಲಿ ಅರ್ಧ ಪಾಠ ಮುಗಿದಿತ್ತು. ಆ ಪಠ್ಯಕ್ರಮಗಳಲ್ಲಿ ಲಾಜಿಕ್ ಗೇಟುಗಳು, ಝೀನರ್ ಡಯೋಡ್, ಸೌರಕೋಶ ಇದ್ದವು. ಪುಸ್ತಕದಲ್ಲಿ ಅವನ್ನು ತೆಗೆದುಹಾಕಲಾಗಿತ್ತು. ಹಳ್ಳಿಯ ಸರ್ಕಾರಿ ಕಾಲೇಜಿನ ವಿದ್ಯಾರ್ಥಿಗೆ ಪುಸ್ತಕವೇ ಎಲ್ಲ. ನಗರದ ಕೋಚಿಂಗ್ ಕೇಂದ್ರದ ವಿದ್ಯಾರ್ಥಿಗೆ ಅವರದೇ ಮುದ್ರಿತ ಟಿಪ್ಪಣಿಗಳಿರುತ್ತವೆ, ಇಂಥ ಬದಲಾವಣೆಗಳನ್ನು ಕಾದು ಕುಳಿತು ಗಮನಿಸುವ ಸಿಬ್ಬಂದಿಯೇ ಇರುತ್ತಾರೆ. ಹೊರೆ ಇಳಿಸುವ ಹೆಸರಿನಲ್ಲಿ ಮಾಡಿದ ಕೆಲಸ ಯಾರ ಹೊರೆಯನ್ನು ಇಳಿಸಿತು, ಯಾರದನ್ನು ಏರಿಸಿತು ಎಂಬುದನ್ನು ಯೋಚಿಸಿ.

ಹೊರೆ ಎಂಬ ಮಾತು ಬಂತು. ನಮ್ಮ ಮೈಸೂರಿನ ಆರ್.ಕೆ. ನಾರಾಯಣ್ ರಾಜ್ಯಸಭೆಯಲ್ಲಿ ಮಕ್ಕಳ ಪುಸ್ತಕದ ಚೀಲದ ಭಾರದ ಬಗ್ಗೆ ಮಾತನಾಡಿದ್ದನ್ನು ಹಿರಿಯ ಓದುಗರು ನೆನಪಿಟ್ಟಿರಬಹುದು. ಮುಂದೆ ಪ್ರೊ. ಯಶ್‌ಪಾಲ್ ಸಮಿತಿ ಇದೇ ವಿಷಯದ ಮೇಲೆ 1993ರಲ್ಲಿ ‘ಹೊರೆಯಿಲ್ಲದ ಕಲಿಕೆ’ ಎಂಬ ವರದಿ ಕೊಟ್ಟಿತು. ಚೀಲದ ಭಾರಕ್ಕಿಂತ ಅರ್ಥವಾಗದಿರುವುದರ ಭಾರ ಹೆಚ್ಚು ಕೆಟ್ಟದ್ದು ಎಂಬುದು ಆ ವರದಿಯ ತಿರುಳು. ಪುಟ ಕಡಿಮೆ ಮಾಡುವಾಗ ವಿವರಣೆಯ ಕೊಂಡಿಯೇ ಕಳಚಿದರೆ ಚೀಲ ಹಗುರಾಗುತ್ತದೆ, ಇನ್ನೊಂದು ಭಾರ ಏರುತ್ತದೆ. ಪ್ರೇರಣೆಯಿಲ್ಲದ ಪರ್ಯಾಯ ವಿದ್ಯುತ್ ಅದಕ್ಕೆ ಒಳ್ಳೆಯ ಉದಾಹರಣೆ.

ಬೇರೆ ರೀತಿ ಸಾಧ್ಯವಿತ್ತೇ?

ಸಾಧ್ಯವಿತ್ತು, ನಮ್ಮ ದೇಶದಲ್ಲೇ ನಡೆದಿದೆ. ಮಧ್ಯಪ್ರದೇಶದ ಹೋಶಂಗಾಬಾದ್ ಜಿಲ್ಲೆಯಲ್ಲಿ 1972ರಲ್ಲಿ 16 ಮಾಧ್ಯಮಿಕ ಶಾಲೆಗಳಲ್ಲಿ ವಿಜ್ಞಾನ ಬೋಧನೆಯ ಹೊಸ ಕಾರ್ಯಕ್ರಮವೊಂದು ಶುರುವಾಯಿತು. ಕಿಶೋರ್ ಭಾರತಿ ಮತ್ತು ರಸೂಲಿಯಾದ ಫ್ರೆಂಡ್ಸ್ ರೂರಲ್ ಸೆಂಟರ್ ಎಂಬ ಎರಡು ಸಂಸ್ಥೆಗಳು ಅದನ್ನು ಕೈಗೆತ್ತಿಕೊಂಡವು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ದೆಹಲಿ ವಿಶ್ವವಿದ್ಯಾಲಯಗಳ ವಿಜ್ಞಾನಿಗಳು ಬಂದು ಶಾಲಾ ಶಿಕ್ಷಕರ ಜೊತೆ ಕುಳಿತರು. 1978ರಲ್ಲಿ ಅದು ಇಡೀ ಜಿಲ್ಲೆಗೆ ಹರಡಿತು. 1982ರಿಂದ ಏಕಲವ್ಯ ಸಂಸ್ಥೆ ಅದನ್ನು ನಡೆಸಿತು. 2002ರಲ್ಲಿ ಸರ್ಕಾರ ಅದನ್ನು ನಿಲ್ಲಿಸಿತು.

ಆ ಕಾರ್ಯಕ್ರಮದ ಪ್ರಯೋಗಗಳ ಬಗ್ಗೆ ನೀವು ಕೇಳಿರಬಹುದು. ನಾನು ಇಲ್ಲಿ ಹೇಳಬೇಕೆಂದಿರುವುದು ಅದರ ಇನ್ನೊಂದು ಮುಖ. ಹತ್ತಾರು ಶಾಲೆಗಳ ಶಿಕ್ಷಕರು ತಿಂಗಳಿಗೊಮ್ಮೆ ಒಂದು ಕಡೆ ಸೇರುತ್ತಿದ್ದರು. ಯಾವ ಪ್ರಯೋಗ ತರಗತಿಯಲ್ಲಿ ಕೈಕೊಟ್ಟಿತು, ಯಾವ ಪ್ರಶ್ನೆ ಮಕ್ಕಳಿಗೆ ಅರ್ಥವಾಗಲಿಲ್ಲ ಎಂಬುದನ್ನು ಅಲ್ಲಿ ಹೇಳುತ್ತಿದ್ದರು. ಶಿಕ್ಷಕರಿಗಾಗಿಯೇ ಒಂದು ಪತ್ರಿಕೆ ಹೊರಡುತ್ತಿತ್ತು. ‘ಬಾಲ್ ವೈಜ್ಞಾನಿಕ್’ ಎಂಬ ಕಾರ್ಯಪುಸ್ತಕ ಪರಿಷ್ಕರಣೆಗೊಂಡದ್ದು ಈ ಮಾತುಗಳ ಆಧಾರದ ಮೇಲೆ. ಪುಸ್ತಕದಲ್ಲಿ ಒಂದು ಅಧ್ಯಾಯ ಬದಲಾದರೆ ಅದು ಏಕೆ ಬದಲಾಯಿತೆಂದು ಹೋಶಂಗಾಬಾದಿನ ಶಿಕ್ಷಕನಿಗೆ ಸುತ್ತೋಲೆ ಬೇಕಿರಲಿಲ್ಲ. ಬದಲಾಯಿಸಿದವರಲ್ಲಿ ಅವನೂ ಒಬ್ಬ.

ಒಂದು ಜಿಲ್ಲೆಯಲ್ಲಿ ಆದದ್ದು ಇಡೀ ದೇಶಕ್ಕೆ ಆಗದು ಎಂಬ ಆಕ್ಷೇಪ ಬರುತ್ತದೆ. ಹಾಗಾದರೆ 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟನ್ನು ನೋಡಿ. ಅದರ ಹಿಂದೆ 21 ರಾಷ್ಟ್ರೀಯ ಗುಂಪುಗಳು ಕೆಲಸ ಮಾಡಿದ್ದವು. ವಿಜ್ಞಾನ ಬೋಧನೆಯ ಗುಂಪಿಗೆ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಪ್ರೊ. ಅರವಿಂದ ಕುಮಾರ್ ಅಧ್ಯಕ್ಷರು. ಪ್ರತಿ ಗುಂಪೂ ತನ್ನ ನಿಲುವನ್ನೂ ಕಾರಣಗಳನ್ನೂ ಬರೆದು ಪ್ರಕಟಿಸಿತು. ಯಾರು ಬೇಕಾದರೂ ಓದಿ, ‘ಇಲ್ಲಿ ನೀವು ಎಡವಿದ್ದೀರಿ’ ಎನ್ನಬಹುದಿತ್ತು. ಎಷ್ಟೋ ಜನ ಅಂದರು ಕೂಡ. 2022ರ ಪಟ್ಟಿಗೆ ಹಾಗೆ ಓದಬಹುದಾದ ಜೊತೆಗಾರ ಪುಸ್ತಕ ಇಲ್ಲ. 2023ರ ಜೂನಿನಲ್ಲಿ ರಾಜ್ಯಶಾಸ್ತ್ರ ಪುಸ್ತಕಗಳ ಮುಖ್ಯ ಸಲಹೆಗಾರರಾಗಿದ್ದ ಸುಹಾಸ್ ಪಳಶೀಕರ್ ಮತ್ತು ಯೋಗೇಂದ್ರ ಯಾದವ್, ತಮ್ಮನ್ನು ಕೇಳದೆ ಪುಸ್ತಕ ಕತ್ತರಿಸಲಾಗಿದೆ, ತಮ್ಮ ಹೆಸರು ತೆಗೆಯಿರಿ ಎಂದು ಮಂಡಳಿಗೆ ಬರೆದರು. ಬರೆದವರಿಗೇ ತಿಳಿಸದ ಮೇಲೆ ಕಲಿಸುವವರಿಗೆ ತಿಳಿಸಲಿಲ್ಲ ಎಂದು ನಾನು ದೂರುವುದು ಅತಿಯಾಯಿತೇನೋ.

ಈ ಅವಸರ ಶಾಲೆಗಳ ಮಟ್ಟದಲ್ಲಷ್ಟೇ ಇದೆ ಎಂದು ಪದವಿ ಕಾಲೇಜಿನವನಾದ ನಾನು ಬೀಗುವಂತಿಲ್ಲ. ಕರ್ನಾಟಕದಲ್ಲಿ 2021ರಲ್ಲಿ ಪದವಿಗೆ ರಾಷ್ಟ್ರೀಯ ನೀತಿಯ ನಾಲ್ಕು ವರ್ಷದ ಚೌಕಟ್ಟು ಬಂತು. 2024ರ ಮೇ ತಿಂಗಳಲ್ಲಿ, ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿಯ ಮೇಲೆ, ಮೂರು ವರ್ಷಕ್ಕೆ ಮರಳುವ ಆದೇಶವಾಗಿ ಅದೇ ಸಾಲಿನಿಂದ ಜಾರಿಯಾಯಿತು. ಎರಡು ನೀತಿಗಳಲ್ಲಿ ಯಾವುದು ಮೇಲು ಎಂಬುದು ಬೇರೆ ಲೇಖನದ ವಿಷಯ. ಆ ವರ್ಷ ನನ್ನ ವಿಭಾಗದಲ್ಲಿ ಮೊದಲ ವರ್ಷದವರಿಗೆ ಒಂದು ಚೌಕಟ್ಟು, ಮೇಲಿನವರಿಗೆ ಇನ್ನೊಂದು. ಹೊಸ ಪಠ್ಯಕ್ರಮ ನನ್ನ ಕೈಸೇರಿದ್ದು ಸಹೋದ್ಯೋಗಿಯೊಬ್ಬರ ವಾಟ್ಸ್‌ಆ್ಯಪ್‌ನಿಂದ, ಓರೆಯಾಗಿ ತೆಗೆದ ಫೋಟೋಗಳ ರೂಪದಲ್ಲಿ. ಒಂದು ಪುಟದ ತುದಿಯಲ್ಲಿ ಯಾರದೋ ಹೆಬ್ಬೆರಳು. ಆ ಹೆಬ್ಬೆರಳಿನ ಕೆಳಗೆ ಯಾವ ಪ್ರಯೋಗ ಇತ್ತೆಂಬುದು ಎರಡು ವಾರದ ನಂತರ ತಿಳಿಯಿತು.

ನಮ್ಮ ಪಾಲಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ಸುತ್ತೋಲೆ ಬಂದರೆ ನಾವು ಮೊದಲು ಹುಡುಕುವುದು ಬ್ಲೂಪ್ರಿಂಟು, ಯಾವ ಅಧ್ಯಾಯಕ್ಕೆ ಎಷ್ಟು ಅಂಕ ಎಂಬುದು. ಉಳಿದ ಪುಟಗಳನ್ನು ತಿರುವುವುದಿಲ್ಲ. ಸಮೂಹ ಸಂಪನ್ಮೂಲ ಕೇಂದ್ರದ ಸಮಾಲೋಚನಾ ಸಭೆಯಲ್ಲಿ ಮಾಹಿತಿ ನಮೂನೆ ತುಂಬಿಸುವುದರಲ್ಲೇ ಹೊತ್ತು ಕಳೆಯುತ್ತದೆ ಎಂದು ಪ್ರೌಢಶಾಲೆಯ ಗೆಳೆಯರು ಹೇಳುತ್ತಾರೆ, ಅದು ನಿಜವೇ. ಆದರೆ ಒಂದು ಸಭೆಯಲ್ಲಿ ಅರ್ಧ ಗಂಟೆ, ಹಳೆಯ ಪುಸ್ತಕ ಹೊಸ ಪುಸ್ತಕ ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಲು ಯಾರೂ ಅಡ್ಡಿ ಮಾಡುವುದಿಲ್ಲ. ಹೋಶಂಗಾಬಾದಿನವರು ಮಾಡಿದ್ದೂ ಅಷ್ಟೇ.

ಕೆಲಸದ ಕ್ರಮ ತಲೆಕೆಳಗಾಗುವುದನ್ನು 2024ರಲ್ಲಿ ಮತ್ತೊಮ್ಮೆ ನೋಡಿದೆವು. ಎನ್‌ಸಿಇಆರ್‌ಟಿ 6ನೇ ತರಗತಿಗೆ ಹೊಸ ಪುಸ್ತಕಗಳನ್ನು ತರುವ ಮುನ್ನ ಮಕ್ಕಳಿಗಾಗಿ ಒಂದು ಸೇತುಬಂಧ ಕಾರ್ಯಕ್ರಮ ಪ್ರಕಟಿಸಿತು. ಒಳ್ಳೆಯದೇ. ಆದರೆ ಸಿಬಿಎಸ್‌ಇ ಶಾಲೆಗಳು ಏಪ್ರಿಲ್‌ನಲ್ಲಿ ತೆರೆದವು, ‘ಕ್ಯೂರಿಯಾಸಿಟಿ’ ಎಂಬ ಹೊಸ ವಿಜ್ಞಾನ ಪುಸ್ತಕ ಬಂದದ್ದು ಜುಲೈನಲ್ಲಿ. ಸೇತುವೆ ದಾಟಿ ನಿಂತ ಮಕ್ಕಳು ಆಚೆ ದಡಕ್ಕಾಗಿ ಕಾದರು. ಪುಸ್ತಕ ಚೆನ್ನಾಗಿದೆ, ಚಟುವಟಿಕೆಗಳು ಹೆಚ್ಚಿವೆ ಎಂಬುದನ್ನೂ ಹೇಳದಿದ್ದರೆ ವಿಮರ್ಶೆ ಅನ್ಯಾಯವಾಗುತ್ತದೆ. ಅಂಥ ಪುಸ್ತಕವನ್ನು ಪಾಠ ಮಾಡುವ ಶಿಕ್ಷಕಿಗೆ ಮೂರು ತಿಂಗಳು ಮೊದಲು ಓದಲು ಸಿಕ್ಕಿದ್ದರೆ ಅದು ಇನ್ನೂ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ನಾನು ಕೇಳುವುದು ದೊಡ್ಡ ವ್ಯವಸ್ಥೆಯನ್ನೇನೂ ಅಲ್ಲ. ಪ್ರತಿ ಬದಲಾವಣೆಗೆ ಅರ್ಧ ಪುಟದ ಒಂದು ಟಿಪ್ಪಣಿ, ವರ್ಷ ಆರಂಭವಾಗುವ ಮೊದಲು, ಕನ್ನಡದಲ್ಲಿ. ಮಾದರಿಗಾಗಿ ಒಂದನ್ನು ನಾನೇ ಬರೆದು ನೋಡಿದೆ. ಎನ್‌ಸಿಇಆರ್‌ಟಿಯ 10ನೇ ತರಗತಿ ವಿಜ್ಞಾನದ ಪ್ರೇರಣೆಯ ಭಾಗಕ್ಕೆ ಅದು ಹೀಗಿದೆ:

ಬಿಟ್ಟದ್ದು: ವಿದ್ಯುತ್ ಮೋಟಾರು, ವಿದ್ಯುತ್ಕಾಂತೀಯ ಪ್ರೇರಣೆ, ವಿದ್ಯುತ್ ಜನರೇಟರು.

ಉಳಿದದ್ದು: ಪರ್ಯಾಯ ಮತ್ತು ನೇರ ವಿದ್ಯುತ್, ಆವೃತ್ತಿ, ಮನೆಯ ವಿದ್ಯುತ್ ಮಂಡಲ. ಇವನ್ನು ಪಾಠ ಮಾಡುವಾಗ ಬಿಟ್ಟ ಭಾಗದ ನೆರವು ಬೇಕಾಗುತ್ತದೆ.

ಮತ್ತೆ ಎಲ್ಲಿ ಬರುತ್ತದೆ: 12ನೇ ತರಗತಿ ಭೌತಶಾಸ್ತ್ರದಲ್ಲಿ, ವಿಜ್ಞಾನ ವಿಭಾಗದವರಿಗೆ ಮಾತ್ರ.

ತರಗತಿಗೆ ಸಲಹೆ: ನೂರು ಸುತ್ತಿನ ತಾಮ್ರದ ತಂತಿಯ ಸುರುಳಿ, ಒಂದು ಪಟ್ಟಿ ಕಾಂತ, ಒಂದು ಗ್ಯಾಲ್ವನೋಮೀಟರ್. ಕಾಂತವನ್ನು ಸುರುಳಿಯೊಳಗೆ ತಳ್ಳಿದಾಗ ಮುಳ್ಳು ಒಂದು ಕಡೆಗೆ, ಎಳೆದಾಗ ಇನ್ನೊಂದು ಕಡೆಗೆ ಸರಿಯುತ್ತದೆ. ಸುಮ್ಮನೆ ಹಿಡಿದರೆ ಸೊನ್ನೆಯಲ್ಲಿ ನಿಲ್ಲುತ್ತದೆ. ಹತ್ತು ನಿಮಿಷ ಸಾಕು. ಪರೀಕ್ಷೆಗೆ ಇಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿ, ಆದರೂ ನೋಡುತ್ತಾರೆ.

ಕಾರಣ:

ಈ ಕೊನೆಯ ಸಾಲನ್ನು ಖಾಲಿ ಬಿಟ್ಟಿದ್ದೇನೆ. ಅದನ್ನು ತುಂಬಬೇಕಾದವರು ನಾನಲ್ಲ.